ರೇವವ್ವನ ಸೋಮವಾರದ ಹಾಲು

ಸಿಂದಗಿಯ ನಮ್ಮ ಓಣಿಯಲ್ಲಿ ನಾನು ರೇವವ್ವನ ಎದುರು ಮನೆಯವನು. ಅವಳ ನಾಲಿಗೆಗೆ ಹೆದರಿ ಅರ್ಧ ಆಯುಷ್ಯ ಕಳೆದಿದ್ದೇನೆ. ಬಾಯಿ ಹಾಗಿದ್ದರೂ ಅಳತೆ ಮಾತ್ರ ಖರೆ. ಹಾಲಿಗೆ ನೀರು ಬೆರೆಸಿದ್ದಾಳೆ ಎಂದು ಇವತ್ತಿನವರೆಗೆ ಒಬ್ಬರೂ ಅಂದಿಲ್ಲ. ಯಾರಾದರೂ ಚರಿಗೆ ಎತ್ತಿ ಹಾಲನ್ನು ಒಂಚೂರು ಅನುಮಾನದಿಂದ ನೋಡಿದರೆ ಮುಗೀತು. "ನಾವು ಹಾಲುಮತದಾವ್ರು. ಹಾಲಿನಾಗ ಸುಳ್ಳ ಬೆರಸಿದ್ರ ನಮ್ಮ ದೇವ್ರು ಬೀರಪ್ಪ ಕಣ್ಣ ಕೀಳ್ತಾನ!" ಎಂದು ಓಣಿಗೆಲ್ಲ ಕೇಳುವಂತೆ ಗದರುತ್ತಿದ್ದಳು.

ಆ ಮನೆಯಲ್ಲಿ ಸೋಮವಾರ ಹಾಲು ಮಾರುವುದಿಲ್ಲ. ಅತ್ತೆಯ ಕಾಲದಿಂದ ಬಂದ ಕಟ್ಟಳೆ. ಅವತ್ತಿನ ಹಾಲೆಲ್ಲ ಪಾತ್ರೆ ಹಿಡಿದು ಬಂದವರಿಗೆ. ಹಿಂದಿನ ಓಣಿಯ ಬಡ ಹೆಂಗಸರು ಸೋಮವಾರ ಯಾವಾಗ ಬಂದೀತೆಂದು ಕಾಯುತ್ತಿದ್ದರು. ಬಾಗಿಲಲ್ಲಿ ನಿಂತು ಸೌಟಿನಿಂದ ಹಾಕುವಾಗ ರೇವವ್ವನ ಗತ್ತು ನೋಡಬೇಕಿತ್ತು. ಯಾವ ಗೌಡತಿಗೂ ಅಷ್ಟು ಗತ್ತು ಇರಲಿಕ್ಕಿಲ್ಲ. ನನಗೆ ಒಮ್ಮೊಮ್ಮೆ ಸಿಟ್ಟೇ ಬರುತ್ತಿತ್ತು, ಆದರೆ ಕೊಡುವವಳು ಅವಳು, ನೋಡುವವನು ನಾನು.

ಕೊರೊನಾ ಬಂತು. ಅದೇ ಹೊತ್ತಿಗೆ ಅವಳ ಎಮ್ಮೆ ಗಬ್ಬವಾಗಿ ಬತ್ತಿತು. ಬೇರೆ ವರ್ಷವಾಗಿದ್ದರೆ ಗಂಡ ಬೀರಣ್ಣ ಮುದ್ದೇಬಿಹಾಳದ ಕಡೆ ಹೋಗಿ ಹಿಂಡುವ ಎಮ್ಮೆಯೊಂದನ್ನು ತರುತ್ತಿದ್ದ. ಈಗ ಸಂತೆ ಬಂದ್, ದಾರಿಯ ತುಂಬ ಪೊಲೀಸರು. ಅವಳ ಹಾಲು ಹೋಗುತ್ತಿದ್ದುದು ಬಸ್‌ಸ್ಟ್ಯಾಂಡಿನ ಚಹಾದಂಗಡಿಗಳಿಗೆ. ಅವೂ ಬಾಗಿಲು ಹಾಕಿದ್ದರಿಂದ, ಎಮ್ಮೆ ಬತ್ತಿದ ಸುದ್ದಿ ಮನೆಯವರ ಹೊರತು ಯಾರಿಗೂ ತಿಳಿಯಲಿಲ್ಲ.

"ಎಮ್ಮಿ ಬತ್ತಿದ್ರ ಯಾರರ ಬೈತಾರೇನ? ಇಲ್ಲ ಅಂತ ಹೇಳಿ ಬಿಡು," ಎಂದ ಬೀರಣ್ಣ.

"ಸೋಮವಾರ ನನ್ನ ಬಾಯಾಗ ಇಲ್ಲ ಅನ್ನೂ ಮಾತ ಬರಬೇಕೇನ? ಅದಕಿಂತ ಸಾಯೂದ ಚಲೋ," ಎಂದಳು ರೇವವ್ವ.

ಆಗಲೇ ರಾಜ್ಯ ಸರ್ಕಾರ ಬಡವರ ಓಣಿಗಳಿಗೆ ಪುಕ್ಕಟೆ ಹಾಲು ಕೊಡಲು ಸುರುಮಾಡಿತು. ಹಾಲು ಡೇರಿಯದು, ರೊಕ್ಕ ಸರ್ಕಾರದ್ದು, ಹಂಚುವ ಕೆಲಸ ಪುರಸಭೆಯದು. ಪುರಸಭೆ ತನ್ನ ಗಂಟಿನಿಂದಲೇ ಊರಿಗೆಲ್ಲ ಹಾಲು ಕುಡಿಸುವ ಮಾತು ಎಲ್ಲಿಂದ ಬರಬೇಕು? ಸರ್ಕಾರ ಕೈಹಿಡಿದದ್ದಕ್ಕೆ ನಡೆಯಿತು. ಪುರಸಭೆಯ ಸಂಜೀವಕುಮಾರ ಬೆಳಿಗ್ಗೆ ಟಂಟಂ ಗಾಡಿಯಲ್ಲಿ ಪಾಕೀಟು ತುಂಬಿಕೊಂಡು ಬರುತ್ತಿದ್ದ, ಮನೆಗೊಂದರಂತೆ ಕೊಡುತ್ತಿದ್ದ. ಹಿಂದಿನ ಓಣಿ ಇಕ್ಕಟ್ಟು, ಗಾಡಿ ಒಳಗೆ ಹೋಗದು. ಮಂದಿ ಗುಂಪುಗೂಡುವಂತೆಯೂ ಇಲ್ಲ.

"ಇಲ್ಲಿ ಕೊಡಪಾ, ಹಿಂದಿನ ಓಣಿದು ನಾ ಮುಟ್ಟಸ್ತೇನಿ," ಎಂದು ರೇವವ್ವ ಚೀಲ ಒಡ್ಡಿದಳು.

"ನೀವಿರೂದಕ್ಕ ನನ್ನ ತಲಿಬ್ಯಾನಿ ಕಡಿಮಿ ಆತ್ ನೋಡ್ರಿ ಕಾಕಿ," ಎಂದ ಸಂಜೀವಕುಮಾರ. ರೇವವ್ವ ಅಂದ ಮೇಲೆ ಹಾಲಿನ ವಿಷಯದಲ್ಲಿ ಎರಡನೇ ಮಾತು ಯಾರು ಆಡಿಯಾರು?

ಮುಟ್ಟಿಸಿದಳು, ಸುಳ್ಳು ಯಾಕೆ ಹೇಳಲಿ. ಮನೆಮನೆಯ ಬಾಗಿಲಿಗೆ ಹೋಗಿ, "ಕಾಸಿ ಕುಡೀರಿ, ಹಂಗ ಕುಡದು ಹೊಟ್ಟಿ ಕೆಡಿಸ್ಕೊಂಡೀರಿ!" ಎಂದು ಬೈದೇ ಕೊಟ್ಟಳು. ಆದರೆ ಸೋಮವಾರ ಬಂತಲ್ಲ. ಅವತ್ತು ಚೀಲ ಹಿಂದಿನ ಓಣಿಗೆ ಹೋಗಲಿಲ್ಲ, ನೆಟ್ಟಗೆ ಅವಳ ಅಡುಗೆಮನೆಗೆ ಹೋಯಿತು.

ಮುಂದಿನದನ್ನು ನನಗೆ ಹೇಳಿದವಳು ಅವಳ ಸೊಸೆ ಸುರೇಖಾ. ಅತ್ತೆ ಪಾಕೀಟು ಕತ್ತರಿಸಿ ಹಾಲನ್ನೆಲ್ಲ ಪಾತೇಲಿಗೆ ಸುರಿದಳಂತೆ. ಎಮ್ಮೆಯ ಹಾಲಿನಂತೆ ಕಾಣಲೆಂದು ಕಾಯಿಸುವಾಗ ಮನೆಯ ಬೆಣ್ಣೆಯನ್ನೂ ಹಾಕಿದಳಂತೆ.

"ಅತ್ತಿ, ಇದು ಅವರ ಪಾಲಿನ ಹಾಲು," ಎಂದಳು ಸುರೇಖಾ.

"ಅವರಿಗೇ ಕೊಡಾಕತ್ತೇನಲ್ಲ! ನಾನೇನ ಗಟಗಟ ಕುಡದೇನೇನು?"

"ಹಂಗಾರ ಪಾಕೀಟ ಯಾಕ ಒಡದ್ರಿ?"

ರೇವವ್ವ ಪಾತೇಲಿಯ ಅಂಚು ಒರೆಸಿದಳು. ಹಿಂದಿನ ಓಣಿಗೆ ಹೋಗಿ, ಸೋಮವಾರ ಸರ್ಕಾರದ ಗಾಡಿ ಬರುವುದಿಲ್ಲವೆಂದು ಹೇಳಿ ಬಂದಳು. ಮಂದಿ ಪಾತ್ರೆ ಹಿಡಿದು ಬಂದು ದೂರ ದೂರ ನಿಂತರು. ಎಲ್ಲೆಲ್ಲಿಯವರೋ ಬಂದರು, ಲಾಕ್‌ಡೌನಿನ ಹಸಿವು ನೋಡಿ. ಇದ್ದ ಹಾಲನ್ನೇ ಎಲ್ಲರಿಗೂ ಹಂಚಬೇಕಾಗಿ, ಪೂರ್ತಿ ಪಾಕೀಟು ಸಿಗಬೇಕಾದವರಿಗೆ ಒಂದು ಸೌಟು ಸಿಕ್ಕಿತು.

ಅವರಲ್ಲಿ ಜೈತುನಬಿ ಒಬ್ಬಳು. ವಯಸ್ಸಾದವಳು, ಮೊಣಕಾಲು ಹಿಡಿದುಹೋಗಿದೆ. ಮನೆಯಲ್ಲಿ ತಾಯಿಯ ಹಾಲು ಸಾಲದ ಮೊಮ್ಮಗಳು. ಒಂದು ಸೌಟು ಹಾಲನ್ನು ಸೆರಗಿನಲ್ಲಿ ಮುಚ್ಚಿಕೊಂಡು, "ಸರ್ಕಾರ ಸೋಮವಾರ ಮರತ್ರೂ ನೀ ಮರೆಯಂಗಿಲ್ಲ ರೇವಕ್ಕಾ. ಅಲ್ಲಾ ನಿನ್ನ ಕೈ ತಂಪಾಗಿ ಇಡಲಿ," ಎಂದಳು. ಅವತ್ತು ರಾತ್ರಿ ಅತ್ತೆ ಊಟ ಮಾಡಲಿಲ್ಲವೆಂದು ಸುರೇಖಾ ಹೇಳಿದಳು. ನಾಚಿಕೆ ಆಗಿತ್ತು, ಆದರೆ ಮುಂದಿನ ಸೋಮವಾರವೂ ಪಾಕೀಟು ಒಡೆದಳು. ಅದರ ಮುಂದಿನ ಸೋಮವಾರವೂ. ಮನುಷ್ಯರ ಹೆಸರಿನ ಆಸೆಗೆ ಏನನ್ನಬೇಕು!

ಮತ್ತೊಂದು ಸೋಮವಾರ ಮೊಮ್ಮಗಳು ಹಟ ಹಿಡಿದು ಅತ್ತಳಂತೆ. ಜೈತುನಬಿ ಹೊತ್ತು ಕಾಯದೆ, ಕೋಲೂರಿಕೊಂಡು, ಖಾಲಿ ಪಾತ್ರೆ ಹಿಡಿದು ನಮ್ಮ ಓಣಿಗೆ ಬಂದುಬಿಟ್ಟಳು. ನೋಡಿದರೆ ಬರುವುದೇ ಇಲ್ಲ ಎಂದಿದ್ದ ಗಾಡಿ ಎದುರಿಗೇ ನಿಂತಿದೆ. ರೇವವ್ವನ ಚೀಲದ ತುಂಬ ಪಾಕೀಟು. ನಾವೆಲ್ಲ ನಮ್ಮ ನಮ್ಮ ಕಟ್ಟೆಯ ಮೇಲಿದ್ದೆವು.

"ನೀವ್ಯಾಕ ನಡ್ಕೊಂತ ಬಂದ್ರಿ ಅಮ್ಮಾ?" ಎಂದ ಸಂಜೀವಕುಮಾರ. "ನಿಮ್ಮ ಪಾಕೀಟ ಕಾಕಿ ಕೈಯಾಗ ಕೊಟ್ಟೇನಿ. ದಿನಾ ತಪ್ಪದ ಮುಟ್ಟಾಕತ್ತೈತಿ ಅಲ್ರಿ?"

ರೇವವ್ವ ಚೀಲದ ಬಾಯಿಗೆ ಸೆರಗು ಎಳೆದಳು. ಜೈತುನಬಿ ಚೀಲ ನೋಡಿದಳು, ಚೀಲ ಹಿಡಿದವಳನ್ನು ನೋಡಿದಳು, ಸುತ್ತ ಕೂತ ನಮ್ಮನ್ನೂ ನೋಡಿದಳು.

"ಮುಟ್ಟತೈತಪಾ. ದಿನಾ ಮುಟ್ಟತೈತಿ," ಎಂದು ಹೇಳಿ, ಖಾಲಿ ಪಾತ್ರೆಯೊಂದಿಗೆ ತಿರುಗಿ ನಡೆದಳು.

ರೇವವ್ವ ಅಂದು ಪಾಕೀಟು ಒಡೆಯಲಿಲ್ಲ. ಸೊಸೆಯನ್ನು ಕರೆದುಕೊಂಡು ಮನೆಮನೆಗೆ ಕೊಟ್ಟು, ಕೊನೆಗೆ ಜೈತುನಬಿಯ ಬಾಗಿಲಿಗೆ ಹೋದಳು. ಜೈತುನಬಿ ಒಳಗೆ ಕರೆಯಲಿಲ್ಲ. ರೇವವ್ವ ಹೊಸ್ತಿಲಲ್ಲೇ ನಿಂತು, "ಎಮ್ಮಿ ಬತ್ತೈತಿ ಜೈತುನಬಿ. ಹೇಳಾಕ ನಾಚಿಕಿ ಆತು," ಎಂದಳು.

"ಎಮ್ಮಿ ಬತ್ತೂದು ನಾಚಿಕಿ ಮಾತೇನ? ಕೇಳಿದ್ರ ನನ್ನ ಪಾಕೀಟ ನಾನ ಕೊಡ್ತಿದ್ದೆ, ನಿನ್ನ ಸೋಮವಾರ ನಡೀಲಿ ಅಂತ," ಎಂದಳು ಜೈತುನಬಿ. "ಕೂಸಿನ ಬಾಯಾಗಿಂದು ಕಸ್ಕೊಂಡು, ಮ್ಯಾಲ ನನ್ನ ಕಡಿಂದ ದುವಾ ಬ್ಯಾರೆ ತಗೊಂಡೆಲ್ಲ. ಓಣ್ಯಾಗ ನಿನ್ನ ಮಾನ ಕಾದೇನಿ. ನನ್ನ ಮನಸ್ಸಿನಾಗ ಕಾಯಾಕ ಆಗಂಗಿಲ್ಲ ನೋಡು."

ಪಾಕೀಟು ತೆಗೆದುಕೊಂಡು ಬಾಗಿಲು ಹಾಕಿದಳು. ರೇವವ್ವ ಮನೆಗೆ ಬಂದು, ಪಾತ್ರೆ ಹಿಡಿದು ನಿಂತಿದ್ದ ಮಂದಿಗೆ ಎಮ್ಮೆ ಬತ್ತಿದೆ, ಹಾಲಿಲ್ಲ ಎಂದು ಹೇಳಿದಳು. ಯಾರೂ ಬೈಯಲಿಲ್ಲ. "ಇರ್ಲಿ ಬಿಡಬೇ, ಎಮ್ಮಿ ಈದ ಮ್ಯಾಲ ಕೊಡುವಂತಿ," ಎಂದು ಹೋದರು. ಅವರು ಬೈದಿದ್ದರೆ ಅವಳಿಗೆ ಹಗುರಾಗುತ್ತಿತ್ತೋ ಏನೋ.

ಎಮ್ಮೆ ಈದಿತು. ಕೊರೊನಾ ಹೋಯಿತು, ಸರ್ಕಾರದ ಹಾಲೂ ನಿಂತಿತು. ರೇವವ್ವನ ಬಾಗಿಲಲ್ಲಿ ಈಗಲೂ ಸೋಮವಾರ ಪಾತ್ರೆಗಳ ಸಾಲು ನಿಲ್ಲುತ್ತದೆ. ಅವಳು ಸೌಟು ಹಿಡಿದು, ಬೈಯುವುದನ್ನೂ ಮರೆತು, ಹಿಂದಿನ ಓಣಿಯ ತಿರುವನ್ನೇ ನೋಡುತ್ತಾಳೆ. ಜೈತುನಬಿ ಬರುವುದಿಲ್ಲ.

ಅವಳು ಬರುವುದು ಮಂಗಳವಾರ. ಮೊಮ್ಮಗಳ ಕೈಹಿಡಿದು ಬಂದು, ಪಾತ್ರೆ ಕೆಳಗಿಟ್ಟು, ರೊಕ್ಕ ಚಾಚುತ್ತಾಳೆ.

ಮೊದಲ ಸಲ ರೇವವ್ವ ಕೈ ಹಿಂದಕ್ಕೆ ಎಳೆದುಕೊಂಡಿದ್ದಳು. "ಬ್ಯಾಡ ಜೈತುನಬಿ. ನಿನ್ನ ಕಾಲ ಹಿಡೀತೇನಿ, ರೊಕ್ಕ ಬ್ಯಾಡ."

"ಇವತ್ತ ಸೋಮವಾರ ಅಲ್ಲವ್ವಾ," ಎಂದಳು ಜೈತುನಬಿ. "ತಗೋ."

ರೇವವ್ವ ತಗೊಂಡಳು.