ಏಳರಲ್ಲಿ ನಾಲ್ಕು ಗೆದ್ದರೆ

ನಾನು ಜನ್ಮದಲ್ಲಿ ಬೆಟ್ ಕಟ್ಟಿದವನಲ್ಲ. ಆದರೆ ಬೆಟ್ಟಿಂಗಿನ ಲೆಕ್ಕವನ್ನು ನನ್ನಷ್ಟು ಚೆನ್ನಾಗಿ ಬಲ್ಲವರು ಮೂಡುಬಿದಿರೆಯಿಂದ ಬಂಟ್ವಾಳದವರೆಗೆ ಹುಡುಕಿದರೂ ಸಿಗಲಿಕ್ಕಿಲ್ಲ. ವರ್ಷಗಟ್ಟಲೆ ಕಾಲೇಜಿನಲ್ಲಿ ಗಣಿತ ಕಲಿಸಿದವನಿಗೆ ಇಷ್ಟಾದರೂ ಜಂಬ ಬೇಡವೇ? ಮನೆಯಲ್ಲಿ ಮಾತ್ರ ಈ ಜಂಬ ನಡೆಯುವುದಿಲ್ಲ. ಅಂಗಡಿಗೆ ಕಳಿಸಿದರೆ ಚಿಲ್ಲರೆ ಸರಿಯಾಗಿ ಎಣಿಸಿ ತರುವುದಿಲ್ಲ ಎಂದು ಹೆಂಡತಿ ಸುಮತಿಯ ದೂರು.

ಹಾಗಾಗಿ ಅವಳ ತಮ್ಮ ದಿನಕರ ಮೊನ್ನೆ ಬೆಳ್ತಂಗಡಿಯಿಂದ ಬಂದು, ಮೊಬೈಲು ಮುಂದೆ ಹಿಡಿದು, "ಭಾವ, ಇದೊಂದು ಹೇಳಿಕೊಡಿ" ಎಂದಾಗ ನನಗಾದ ಖುಷಿ ಅಷ್ಟಿಷ್ಟಲ್ಲ. ಅವನದು ಅಲ್ಲಿ ಸಣ್ಣ ಹೋಟೆಲು. ಗ್ರೈಂಡರ್ ಕೆಟ್ಟು, ದೋಸೆ ನಿಂತು, ಗಿರಾಕಿಗಳು ಎದುರಿನ ಹೋಟೆಲಿಗೆ ದಾಟುತ್ತಿದ್ದರು. ಹೊಸ ಗ್ರೈಂಡರಿಗೆಂದು ಜೋಡಿಸಿದ ಹಣವನ್ನು ಮೊಬೈಲಿನಲ್ಲೇ ಅಂದಿನ ಕ್ರಿಕೆಟ್ ಪಂದ್ಯದ ಮೇಲೆ ಬೆಟ್ ಕಟ್ಟಿ ದೊಡ್ಡದು ಮಾಡುವುದು ಅವನ ಯೋಜನೆ.

"ಒಂದಕ್ಕೆ ಒಂದು ಮುಕ್ಕಾಲು ಕೊಡ್ತಾರೆ ಭಾವ. ನೂರು ಹಾಕಿದ್ರೆ ನೂರೆಪ್ಪತ್ತೈದು!"

"ಅದರಲ್ಲಿ ನೂರು ನಿನ್ನದೇ ಅಲ್ವಾ ಮಾರಾಯ? ಗೆದ್ದರೆ ಎಪ್ಪತ್ತೈದು, ಸೋತರೆ ನೂರು."

ಅವನ ಮುಖ ನೋಡಿದೆ. ತಲೆಗೆ ಹೋಗಿರಲಿಲ್ಲ. ಆಗ ನಾನು ಕಾಯಿ ಕುಟ್ಟುವ ಆಟಕ್ಕೆ ಬಂದೆ. ನಮ್ಮ ಕಡೆ ಹಬ್ಬದ ದಿನಗಳಲ್ಲಿ ತೆಂಗಿನಕಾಯಿಗೆ ತೆಂಗಿನಕಾಯಿ ಕುಟ್ಟುತ್ತಾರೆ. ಒಡೆದ ಕಾಯಿ ಗೆದ್ದವನ ಪಾಲು. ಗಟ್ಟಿ ಚಿಪ್ಪಿನ ಕಾಯಿಗಾಗಿ ಬೆಳುವಾಯಿಯ ತೋಟಗಳನ್ನೆಲ್ಲ ಅಲೆದು, ಬೆರಳಲ್ಲಿ ತಟ್ಟಿ, ಕಿವಿಗೆ ಹಿಡಿದು ಆರಿಸುವ ಪಂಡಿತರಿದ್ದಾರೆ. ಹೆಣ್ಣು ನೋಡಲು ಹೋದಾಗಲೂ ನಾನು ಅಷ್ಟು ಜಾಗ್ರತೆ ವಹಿಸಿರಲಿಲ್ಲ. ಆದರೆ ಈ ಪಂಡಿತರಿಗೆ ಒಂದು ವಿಷಯ ಹೊಳೆಯುವುದೇ ಇಲ್ಲ: ಪಣಕ್ಕಿಡುವುದು ಇಡೀ ಕಾಯಿ, ಗೆದ್ದು ತರುವುದು ಒಡೆದದ್ದು. ಇಡೀ ಕಾಯಿಗೆ ನಲವತ್ತು ರೂಪಾಯಿ ಎನ್ನಿ. ನೀರು ಚೆಲ್ಲಿಹೋದ ಕಾಯಿಗೆ ಹೆಚ್ಚೆಂದರೆ ಮೂವತ್ತು. ನಾಲ್ಕು ಗೆದ್ದರೆ ನೂರಿಪ್ಪತ್ತು ಬಂತು, ಮೂರು ಸೋತರೆ ನೂರಿಪ್ಪತ್ತು ಹೋಯಿತು. ಏಳರಲ್ಲಿ ನಾಲ್ಕು ಗೆದ್ದ ವೀರನಿಗೆ ಕೊನೆಗೆ ಉಳಿಯುವುದು ಕೈನೋವು ಮಾತ್ರ. ಮೊಬೈಲಿನ ಒಂದು ಮುಕ್ಕಾಲಿನ ಲೆಕ್ಕವೂ ಇದೇ: ನಲವತ್ತಕ್ಕೆ ಮೂವತ್ತೆಂದರೆ ನೂರಕ್ಕೆ ಎಪ್ಪತ್ತೈದು.

"ಏಳರಲ್ಲಿ ಐದು ನಾನು ಗೆಲ್ತೇನೆ ಭಾವ. ಕ್ರಿಕೆಟ್ ನನಗೆ ಗೊತ್ತುಂಟು."

"ಆಯ್ತು, ಐದು ಗೆಲ್ಲು. ಸೋಲುವ ಎರಡು ಮೊದಲೇ ಬಂದರೆ? ನಿನ್ನ ಚೀಲದಲ್ಲಿ ಎಷ್ಟು ಕಾಯಿ ಉಂಟು?"

"ಒಂದೇ. ಎಲ್ಲಾ ಇವತ್ತಿನ ಮ್ಯಾಚಿಗೇ ಹಾಕುವ ಅಂತ."

"ಅದು ಒಡೆದರೆ, ನಿನ್ನ ಆ ಐದು ಗೆಲುವು ಬರುವಾಗ ನೀನು ಬರಿಗೈಯಲ್ಲಿ ಕೂತಿರ್ತೀಯ."

ದಿನಕರ ಮೊಬೈಲನ್ನು ಜೇಬಿಗೆ ಹಾಕಿದ. ನನ್ನ ಪಾಠ ಒಬ್ಬರಿಗೆ ಇಷ್ಟು ಚೆನ್ನಾಗಿ ನಾಟಿದ್ದು ಇದೇ ಮೊದಲೆಂದು ನಾನು ಬೀಗುತ್ತಿರುವಾಗ ಅವನು ಮೆಲ್ಲಗೆ ಹೇಳಿದ: "ಆ ಕಾಯಿ ನನ್ನದಲ್ಲ ಭಾವ. ಅಕ್ಕ ಬಳೆ ಅಡವಿಟ್ಟು ಕೊಟ್ಟದ್ದು."

ಬಳೆಯ ವಿಷಯ ನನಗೆ ಗೊತ್ತೇ ಇರಲಿಲ್ಲ. ತಲೆಯೆತ್ತಿದರೆ ಅಡುಗೆಮನೆಯ ಬಾಗಿಲಲ್ಲಿ ಸುಮತಿ. ಅವಳ ಸಿಟ್ಟು ನನ್ನ ಮೇಲಲ್ಲ, ತಮ್ಮನ ಮೇಲೆ.

"ನಾನು ಗ್ರೈಂಡರಿಗೆ ಕೊಟ್ಟದ್ದು, ಆಟಕ್ಕಲ್ಲ."

"ವಾಪಸು ಕೊಡ್ತೇನೆ ಅಕ್ಕ," ಎಂದ ದಿನಕರ. ತಲೆ ಮೇಲೆತ್ತಲಿಲ್ಲ.

"ಬೇಡ. ನಾಳೆಯೇ ಹೋಗಿ ಗ್ರೈಂಡರ್ ತೆಕ್ಕೊ."

ನನಗೆ ತಡೆಯಲಾಗಲಿಲ್ಲ. "ಇಷ್ಟೆಲ್ಲ ಕೇಳಿದ ಮೇಲೂ ಇವನಿಗೇ ಕೊಡುವುದಾ? ಇವ ಏಳರಲ್ಲಿ ಎಷ್ಟು ಗೆಲ್ತಾನೆ ಅಂತ ನೋಡಿದ್ದೀಯಾ?" ಎಂದೆ.

"ಏಳೂ ಸೋತರೂ ಇವ ನನ್ನ ತಮ್ಮನೇ ಅಲ್ವಾ? ಬೇಕಾದರೆ ಲೆಕ್ಕ ನೀವೇ ಮಾಡಿ."

ಮಾಡಿದೆ. ಹೇಗೆ ಕೂಡಿಸಿ ಕಳೆದರೂ ಅದು ಸಮಸಮಕ್ಕೆ ಬರುವ ಪಣವಾಗಿರಲಿಲ್ಲ. ಮರುದಿನ ದಿನಕರನೊಂದಿಗೆ ಅಂಗಡಿಗೆ ನಾನೂ ಹೋದೆ. ಸ್ವಲ್ಪ ಹಣ ಕಡಿಮೆ ಬಿತ್ತು, ಅದನ್ನು ನಾನು ಹಾಕಿದೆ. ಗ್ರೈಂಡರಿಗೆ ಎರಡು ವರ್ಷದ ಗ್ಯಾರಂಟಿ ಎಂದು ಅಂಗಡಿಯವರು ಬರೆದುಕೊಟ್ಟರು. ದಿನಕರನ ಬಗ್ಗೆ ಅಂಥ ಗ್ಯಾರಂಟಿ ಯಾರೂ ಬರೆದುಕೊಡಲಿಲ್ಲ. ನಾನು ಕೇಳಲೂ ಇಲ್ಲ.