ಪೈಪಿನ ಮೇಲಿನ ಹೊಸ ಬಣ್ಣ

ಅಂಗಡಿಯಲ್ಲಿ ರಿಪೇರಿಯಾಗಿ ನಿಂತಿದ್ದ ನನ್ನ ಸೈಕಲ್ಲಿನಲ್ಲಿ ಪೆಡಲಿನಿಂದ ಹಿಂದಿನ ಗಾಲಿಗೆ ಹೋಗುವ ಪೈಪಿನ ಒಂದೇ ಕಡೆ ಹೊಸ ಕಪ್ಪು ಬಣ್ಣ ಹೊಳೆಯುತ್ತಿತ್ತು. ಮಗಳನ್ನು ಬೇಗ ಶಾಲೆಗೆ ಮುಟ್ಟಿಸಲೆಂದು ೧೯೬೨ರಲ್ಲಿ ಶಿರಸಿಯ ಆ ಅಂಗಡಿಗೆ ಪೆಡಲಿನ ದೊಡ್ಡ ಹಲ್ಲುಚಕ್ರ ಹಾಕಲು ಕೊಟ್ಟಿದ್ದೆ. ಅದು ಫ್ರೇಮಿಗೆ ತಾಗುತ್ತದೆ ಎಂದಿದ್ದ ಅಂಗಡಿಯವನೇ ಈಗ ಸಲೀಸಾಗಿ ತಿರುಗಿಸಿ ತೋರಿಸಿದ. ಅನುಮಾನದಿಂದ ಬಣ್ಣದ ಮೇಲೆ ಬೆರಳಾಡಿಸಿದೆ. ಜಾಗ ಮಾಡಲು ಪೈಪನ್ನೇ ಸುತ್ತಿಗೆಯಿಂದ ಬಡಿದು ತಗ್ಗು ಮಾಡಿದ್ದ; ಭಾರ ಬಿದ್ದರೆ ಅಲ್ಲೇ ಮುರಿಯಬಹುದಿತ್ತು.

“ಎಂತದೂ ಆಗೂದಿಲ್ಲ ಹೆಗಡೇರೆ, ಗಟ್ಟಿ ಉಂಟು” ಎಂದ.

“ಹಂಗಾರೆ ನಿನ್ನ ಮಗಳನ್ನ ಹಿಂದೆ ಕೂರ್ಸ್ಕೊಂಡು ಬನವಾಸಿ ರಸ್ತೆ ಇಳುಕಲು ಇಳಿದು ಬಾ ಮಾರಾಯ.”

ಅವನು ಪಾನಾ ಎತ್ತಿಕೊಂಡು ಹೊಸ ಹಲ್ಲುಚಕ್ರ ಬಿಚ್ಚತೊಡಗಿದ.

ಹಳೆಯ ಹಲ್ಲುಚಕ್ರ ಮರಳಿ ಕೂತಿತು, ಪೈಪು ಮಾತ್ರ ಮೊದಲಿನಂತಾಗಲಿಲ್ಲ. ಆ ಸೈಕಲ್ ಮೇಲೆ ಮಗಳನ್ನು ಮತ್ತೆ ಕೂರಿಸಲಿಲ್ಲ; ಶಾಲೆಯವರೆಗೆ ಇಬ್ಬರೂ ನಡೆದೇ ಹೋಗುತ್ತಿದ್ದೆವು.