ಕೆಂಪು ಬಳಿದ ಮೇಲೆ ಮಾತಿಲ್ಲ

ನಮ್ಮ ಥಿಯಾನ್‌ಜಿನ್ ನಾಟಕ ಮಂಡಳಿಯಲ್ಲಿ ನಟರ ಮುಖಕ್ಕೆ ಬಣ್ಣ ಬರೆಯುವವಳು ಫೆಂಗ್ ಛುನ್‌ಲಾನ್. ನಲವತ್ತು ವರ್ಷ ಅಲ್ಲೇ ಜಾಗಟೆ ಬಡಿದವನು ನಾನು. ಅವಳ ಬಾಯಿಗೆ ಹೆದರದವರನ್ನು ಕಂಡಿಲ್ಲ. ಗಂಡ ಕೂ ತಾಯ್‌ಹೆಯದು ಹಳೆಯ ಮಹಾಕಥೆಯ ಕೆಂಪು ಮುಖದ ಸೇನಾಪತಿಯ ಪಾತ್ರ. ಆ ಸೇನಾಪತಿ ನಮಗೆ ದೇವರು. ಬಣ್ಣ ಪೂರ್ತಿಯಾದ ಮೇಲೆ ರಂಗಕ್ಕೆ ಹೋಗುವ ತನಕ ಪಾತ್ರಧಾರಿ ತುಟಿ ಬಿಚ್ಚಕೂಡದು, ಬಿಚ್ಚಿದರೆ ಅಪಚಾರ.

ಹೋದ ವರ್ಷ ಹೊಸಕಾಲದ ಕಲಾವಿದರು ಸೇರಿ ಆ ಕಥೆಯನ್ನು ಹೊಸದಾಗಿ ಆಡಿಸಲು ಹೊರಟರು. ಹಿಂದೆ ದೊಡ್ಡ ಪರದೆ, ನನ್ನ ಜಾಗಟೆಯ ಪಕ್ಕ ಕಂಪ್ಯೂಟರ್ ಮುಂದೆ ಕೂತ ಹುಡುಗಿ. ತಾಯ್‌ಹೆಗೆ ಅರವತ್ತೆಂಟು, ಆಗಲೇ ಒಮ್ಮೆ ಹೃದಯಾಘಾತವಾಗಿತ್ತು. ಡಾಕ್ಟರು ಬೇಡವೆಂದಿದ್ದರು.

"ಇದೊಂದು ಆಡಿಬಿಡ್ತೀನಿ ಕಣೇ" ಎಂದು ಗೋಗರೆದ.

"ಎದೆ ಹಿಂಡಿದ್ರೆ ತಕ್ಷಣ ನಂಗೆ ಹೇಳ್ಬೇಕು. ಮುಚ್ಚಿಟ್ಯೋ, ನಾನೇ ಕೊಂದ್ಹಾಕ್ತೀನಿ ಮುದುಕಪ್ಪ" ಎಂದು ಛುನ್‌ಲಾನ್ ಒಪ್ಪಿದಳು. ನಾವೆಲ್ಲ ನಕ್ಕೆವು. ನಕ್ಕೆವಲ್ಲ, ದರಿದ್ರದವರು!

ನಿರ್ದೇಶಕಿ ಷೀ ನಿಂಗ್ ಚುರುಕಿನ ಹೆಣ್ಣು. "ಫೆಂಗ್ ಮೇಡಂ, ಬಣ್ಣ ಬರೆಯೋದನ್ನೂ ಪರದೆ ಮೇಲೆ ತೋರ್ಸೋಣ. ಬಣ್ಣ ಮುಗಿದ ಮೇಲೆ ಕೂ ಮೇಷ್ಟ್ರು ಜನರ ಹತ್ರ ನಾಲ್ಕು ಮಾತಾಡ್ಲಿ" ಎಂದಳು.

"ತೋರ್ಸು, ಬೇಡ ಅನ್ನಲ್ಲ. ಮಾತಾಡಿಸೋ ಹಾಗಿದ್ರೆ ಕುಂಚ ನೀನೇ ಹಿಡ್ಕೋ" ಎಂದಳು ಛುನ್‌ಲಾನ್. ನನಗೆ ಒಳಗೊಳಗೇ ಖುಷಿಯಾಯಿತು.

ಮೊದಲ ಪ್ರದರ್ಶನ ಮಧ್ಯಾಹ್ನ. ರಂಗದ ಅಂಚಿನಲ್ಲಿ ಅವಳು ಬರೆಯುತ್ತಿದ್ದಳು, ಪರದೆಯ ತುಂಬ ತಾಯ್‌ಹೆಯ ಮುಖ. ಹುಬ್ಬಿನ ಕೊನೆಯ ಗೆರೆ ಮುಗಿದದ್ದೇ ಅವನು ಬಾಯಿ ತೆರೆದ.

"ಛುನ್..."

ಅವಳು ಅಂಗೈಯಿಂದ ಅವನ ಬಾಯಿ ಒತ್ತಿದಳು. "ಷ್! ಅಷ್ಟು ಜನ ನೋಡ್ತಿದ್ದಾರೆ, ಮರ್ಯಾದೆ ಕಳೀಬೇಡ."

ಅವನು ಅವಳನ್ನೇ ನೋಡಿದ. ಆಮೇಲೆ ತಲೆಯಾಡಿಸಿ, ಎದ್ದುಹೋಗಿ ಸೇನಾಪತಿಯ ಕುರ್ಚಿಯಲ್ಲಿ ಕೂತ. ನಾನು ಜಾಗಟೆ ಬಡಿದೆ. ಏಳಲಿಲ್ಲ. ಮತ್ತೆ ಬಡಿದೆ. ಕದಲದ ಆ ಭಂಗಿಗೆ ಜನ ಚಪ್ಪಾಳೆ ಹೊಡೆದರು. ಕೆಂಪಿನ ಅಡಿಯಲ್ಲಿ ಮುಖ ಬಿಳಿಚಿಕೊಂಡದ್ದು ಯಾರಿಗೆ ಕಾಣಬೇಕು? ನಾವು ಹತ್ತಿರ ಹೋಗುವಷ್ಟರಲ್ಲಿ ಉಸಿರು ನಿಂತಿತ್ತು.

ಎರಡು ತಿಂಗಳ ಮೇಲೆ ಆ ಪಾತ್ರಕ್ಕೆ ತಾಯ್‌ಹೆಯ ಶಿಷ್ಯ ಲುವಾನ್ ಪೆಯ್ ಬಂದ. ಬಣ್ಣ ಬರೆದದ್ದು ಛುನ್‌ಲಾನಳೇ. ಮುಗಿದೊಡನೆ, "ಏನಾದ್ರೂ ಮಾತಾಡು" ಎಂದಳು. ನಿಯಮ ಬಲ್ಲವನು, ತುಟಿ ಬಿಗಿಹಿಡಿದ.

"ಮಾತಾಡೋ! ಚೆನ್ನಾಗಿದ್ದೀನಿ ಅಂತಾದ್ರೂ ಅನ್ನೋ!" ಎಂದು ಅವನ ಭುಜ ಹಿಡಿದು ಅಲುಗಿಸಿದಳು.

ಅವನು ಭಕ್ತಿಯಿಂದ ಅವಳಿಗೆ ತಲೆಬಾಗಿ, ಬಾಯಿ ಮುಚ್ಚಿಕೊಂಡೇ ರಂಗಕ್ಕೆ ನಡೆದ.